ಡ್ರೇನ್ ಬೋಲ್ಟ್ ಬಿಚ್ಚುವ ಮೊದಲು ಹಳೆಯ ಆಯಿಲ್‌ಗೆ ಡಬ್ಬಿ ಹುಡುಕಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ನಿಮ್ಮ ವಾಹನ

ಪ್ರಶ್ನೆ: ಸರ್, ನಾನು ಶಹಾಬಾದಿನ ಕಲ್ಲು ಪಾಲಿಶ್ ಘಟಕವೊಂದರಲ್ಲಿ ಕೆಲಸ ಮಾಡುತ್ತೇನೆ. ಕಲಬುರಗಿಯಿಂದ ದಿನಾಲೂ ನೂರು ಸಿಸಿ ಬೈಕಿನಲ್ಲಿ ಹೋಗಿ ಬರುತ್ತೇನೆ. ವಾರಂಟಿ ಮುಗಿದಿದೆ, ಈ ಸಲ ಎಂಜಿನ್ ಆಯಿಲ್ ಮನೆಯಲ್ಲೇ ಬದಲಾಯಿಸಬೇಕೆಂದಿದ್ದೇನೆ. ಕೈಪಿಡಿಯಲ್ಲಿ 10ಡಬ್ಲ್ಯು-30 ಎಂದಿದೆ. ನಮ್ಮ ಓಣಿಯ ಮಿಸ್ತ್ರಿ, "ಕಲಬುರಗಿ ಬಿಸಿಲಿಗೆ ಅದು ನೀರಾಗುತ್ತದೆ, 20ಡಬ್ಲ್ಯು-50 ಹಾಕು" ಎನ್ನುತ್ತಾರೆ. ಅಣ್ಣನ ಕಾರಿಗೆ ತಂದ ಆಯಿಲ್ ಒಂದು ಲೀಟರ್ ಉಳಿದಿದೆ, ಅದನ್ನೇ ಹಾಕಬಹುದೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು ಕಾಣುವ ಊರಿನಲ್ಲಿ ಮಿಸ್ತ್ರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಬೈಕಿನ ಆಯಿಲ್ ಓಣಿಯ ಬಿಸಿಲಿನಲ್ಲಿ ದುಡಿಯುವುದಿಲ್ಲ, ಎಂಜಿನ್ನಿನ ಒಳಗೆ ದುಡಿಯುತ್ತದೆ. ಅಲ್ಲಿನ ಬಿಸಿ ಡಿಸೆಂಬರಿನಲ್ಲೂ 100 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಡಬ್ಬಿಯ ಮೇಲಿನ ಎರಡನೆಯ ಅಂಕಿ, ಅಂದರೆ 30 ಅಥವಾ 50, ಆಯಿಲ್ 100 ಡಿಗ್ರಿಯಲ್ಲಿ ಎಷ್ಟು ಮಂದ ಎಂಬುದನ್ನೇ ಹೇಳುತ್ತದೆ. ಮೊದಲನೆಯ ಅಂಕಿಯ ಜೊತೆಗಿರುವ ಡಬ್ಲ್ಯು ಚಳಿಗಾಲದ ಗುರುತು. 10ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, 20ಡಬ್ಲ್ಯು ಆದರೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಅಂಥ ಚಳಿ ನಮ್ಮ ಕಡೆ ಎಂದೂ ಬೀಳುವುದಿಲ್ಲ.

ನಿಮ್ಮ ಬೈಕನ್ನು ರೂಪಿಸಿದವರು ಬೇರಿಂಗು, ಪಿಸ್ಟನ್ನುಗಳ ನಡುವಿನ ಸಂದು ಮತ್ತು ಆಯಿಲ್ ಪಂಪಿನ ಶಕ್ತಿಯನ್ನು ನೋಡಿ 30 ಎಂದು ಬರೆದಿದ್ದಾರೆ. ಅಲ್ಲಿ 50 ಹಾಕಿದರೆ ಬೆಳಗ್ಗೆ ಕಿಕ್ ಹೊಡೆದ ಮೊದಲ ಕೆಲವು ಕ್ಷಣ ಎಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಗೆ ಆಯಿಲ್ ತಲುಪುವುದು ತಡವಾಗುತ್ತದೆ. ಎಂಜಿನ್ ಸವೆತದ ದೊಡ್ಡ ಪಾಲು ಆಗುವುದು ಅದೇ ಹೊತ್ತಿನಲ್ಲಿ. ಮೈಲೇಜ್ ಕೂಡ ಸ್ವಲ್ಪ ಇಳಿಯುತ್ತದೆ. ಕೈಪಿಡಿಯಲ್ಲಿ ಉಷ್ಣತೆಗೆ ತಕ್ಕ ಬೇರೆ ದರ್ಜೆಗಳ ಪಟ್ಟಿ ಇದ್ದರೆ ಅದರಿಂದ ಆರಿಸಿಕೊಳ್ಳಿ. ಇಲ್ಲದಿದ್ದರೆ 10ಡಬ್ಲ್ಯು-30 ಹಾಕಿ, ನಿಶ್ಚಿಂತೆಯಿಂದ ಓಡಿಸಿ.

ಅಣ್ಣನ ಕಾರಿನ ಆಯಿಲ್ ಮಾತ್ರ ಬೇಡ. ಕಾರಿನ ಕ್ಲಚ್ ಒಣಗಿದ್ದು, ಎಂಜಿನ್ ಆಯಿಲ್‌ನಿಂದ ದೂರ ಇರುತ್ತದೆ. ಗೇರ್ ಇರುವ ನಿಮ್ಮ ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ನೆನೆದಿರುತ್ತವೆ. ಇಂಧನ ಉಳಿತಾಯಕ್ಕೆಂದು ಕಾರಿನ ಹಲವು ಆಯಿಲ್‌ಗಳಿಗೆ ಜಾರಿಕೆ ಹೆಚ್ಚಿಸುವ ವಸ್ತುಗಳನ್ನು ಸೇರಿಸಿರುತ್ತಾರೆ, ಅದರಿಂದ ಕ್ಲಚ್ ಜಾರತೊಡಗುತ್ತದೆ. ಡಬ್ಬಿಯ ಹಿಂಬದಿಯಲ್ಲಿ ಜಾಸೋ (JASO, ಜಪಾನಿನ ವಾಹನ ಮಾನಕ) ಎಂಎ ಅಥವಾ ಎಂಎ2 ಎಂಬ ಗುರುತು ನೋಡಿಯೇ ಕೊಳ್ಳಿ. ಗೇರ್ ಇಲ್ಲದ ಸ್ಕೂಟರಿಗಾದರೆ ಎಂಬಿ ಗುರುತಿನದು.

ಇನ್ನು ಕೆಲಸ. ಬೈಕನ್ನು ನಾಲ್ಕೈದು ನಿಮಿಷ ಓಡಿಸಿ ಬಂದು, ಸಮನಾದ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ. ಬೆಚ್ಚಗಿನ ಆಯಿಲ್ ಸಲೀಸಾಗಿ ಇಳಿಯುತ್ತದೆ. ದೂರ ಓಡಿ ಬಂದ ಕೂಡಲೇ ಮಾತ್ರ ಬಿಚ್ಚಬೇಡಿ, ಕೈ ಸುಡುತ್ತದೆ. ನಮ್ಮ ಕಡೆಯ ಅಂಗಳವೆಂದರೆ ಶಹಾಬಾದ್ ಫರಸಿ. ಆ ಕಲ್ಲು ಎಣ್ಣೆ ಕುಡಿದರೆ ಕಲೆ ಹೋಗುವುದಿಲ್ಲ, ಹಳೆಯ ರಟ್ಟು ಹಾಸಿ ಅದರ ಮೇಲೆ ಅಗಲ ಬಾಯಿಯ ಬೋಗುಣಿ ಇಡಿ. ಎಂಜಿನ್ನಿನ ಅಡಿಯಲ್ಲಿ ಆಯಿಲ್ ಇಳಿಸಲು ಇರುವ ಡ್ರೇನ್ ಬೋಲ್ಟಿನ ಸುತ್ತ ಎರೆಮಣ್ಣು ಅಂಟಿ ಒಣಗಿದ್ದರೆ ಮೊದಲು ಕಡ್ಡಿಯಿಂದ ಕೆರೆದು, ಬ್ರಷ್ ಹೊಡೆದು, ಬಟ್ಟೆಯಿಂದ ಒರೆಸಿ. ಈ ಒಂದು ನಿಮಿಷವನ್ನು ಉಳಿಸಲು ಹೋಗಬೇಡಿ. ಒಳಗೆ ಬಿದ್ದ ಮಣ್ಣಿನ ಹರಳು ಹೊಸ ಆಯಿಲ್‌ನಲ್ಲಿ ತಿರುಗುತ್ತಾ ಅರದಂತೆ ತೇಯುತ್ತದೆ.

ಬೋಲ್ಟಿಗೆ ಸರಿಯಾದ ಅಳತೆಯ ರಿಂಗ್ ಪಾನಾ ಹಾಕಿ ಬಿಚ್ಚಿ. ಹತ್ತು ನಿಮಿಷ ಪೂರ್ತಿ ಸೋರಲು ಬಿಡಿ. ಒಳಗೆ ಸೀಮೆಎಣ್ಣೆ ಹಾಕಿ ತೊಳೆಯುವ ಪದ್ಧತಿ ಕೆಲವೆಡೆ ಇದೆ, ನಾನು ಅದನ್ನು ಒಪ್ಪುವುದಿಲ್ಲ. ಮೂಲೆಗಳಲ್ಲಿ ಉಳಿದ ಸೀಮೆಎಣ್ಣೆ ಹೊಸ ಆಯಿಲನ್ನು ತೆಳುವಾಗಿಸುತ್ತದೆ. ಬೋಲ್ಟಿನ ವಾಷರ್ ಹೊಸದು ಹಾಕಿ, ಕೆಲವೇ ರೂಪಾಯಿಯ ವಸ್ತು ಅದು. ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಕೊನೆಗೆ ಪಾನಾ ಬಳಸಿ. ಬೋಲ್ಟು ಉಕ್ಕಿನದು, ಅದು ಕೂರುವ ಗೂಡು ಅಲ್ಯೂಮಿನಿಯಂ. ಹಲವು ಸಣ್ಣ ಬೈಕುಗಳಲ್ಲಿ ಈ ಬೋಲ್ಟಿಗೆ ಬೇಕಾದ ಬಿಗಿ 25 ನ್ಯೂಟನ್ ಮೀಟರಿನ ಆಸುಪಾಸು. ಒಂದು ಗೇಣು ಉದ್ದದ ಪಾನಾದ ತುದಿಯನ್ನು ಹನ್ನೆರಡು ಕಿಲೋ ತೂಕದಷ್ಟು ಬಲದಿಂದ ಎಳೆದರೆ ಸಾಕು. ಪಾನಾಕ್ಕೆ ಪೈಪು ಸಿಕ್ಕಿಸಿ ಬಿಗಿದು ಥ್ರೆಡ್ ಕಿತ್ತುಹೋದ ಎಂಜಿನ್ನುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಆಮೇಲಿನ ರಿಪೇರಿ ಖರ್ಚಿನಲ್ಲಿ ಹಲವು ಸಲ ಆಯಿಲ್ ಬದಲಾಯಿಸಬಹುದಿತ್ತು.

ಆಯಿಲ್ ತುಂಬುವಾಗ ಡಬ್ಬಿ ಖಾಲಿಯಾಗಲೇಬೇಕೆಂದು ಹಟ ಮಾಡಬೇಡಿ. ಡಬ್ಬಿ ಒಂದು ಲೀಟರಿನದಾದರೂ ನಿಮ್ಮ ಬೈಕು ಬೇಡುವುದು ಅದಕ್ಕಿಂತ ಕಡಿಮೆ ಇರಬಹುದು. ಕೈಪಿಡಿ ಹೇಳಿದಷ್ಟು ಹಾಕಿ, ಎಂಜಿನ್ ಎರಡು ಮೂರು ನಿಮಿಷ ನಡೆಸಿ, ನಿಲ್ಲಿಸಿ, ಮತ್ತೆ ಅಷ್ಟೇ ಹೊತ್ತು ಕಾದು ಅಳೆಯುವ ಕಡ್ಡಿ ನೋಡಿ. ಬಹಳ ಬೈಕುಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಯದೆ ಸುಮ್ಮನೆ ಇಳಿಸಿ ನೋಡಬೇಕು. ಎರಡು ಗೆರೆಗಳ ನಡುವೆ, ಮೇಲಿನ ಗೆರೆಯ ಸಮೀಪ ಇದ್ದರೆ ಸರಿ.

ನೀವು ಕಲ್ಲಿನ ಧೂಳಿನಲ್ಲಿ ಓಡಾಡುವವರು. ಆದ್ದರಿಂದ ಕೈಪಿಡಿಯ ಕಿಲೋಮೀಟರ್ ಲೆಕ್ಕಕ್ಕಿಂತ ಸ್ವಲ್ಪ ಮುಂಚೆಯೇ ಆಯಿಲ್ ಬದಲಾಯಿಸಿ. ಏರ್ ಫಿಲ್ಟರನ್ನು ಅದಕ್ಕಿಂತಲೂ ಹೆಚ್ಚು ಸಲ ನೋಡಿ, ಏಕೆಂದರೆ ಧೂಳು ಎಂಜಿನ್ನಿಗೆ ನುಗ್ಗುವುದು ಆ ಬಾಗಿಲಿನಿಂದಲೇ. ಹೊಸ ಆಯಿಲ್ ಬೇಗ ಕಪ್ಪಾದರೆ ಗಾಬರಿ ಬೇಡ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸದಲ್ಲಿ ಒಂದು. ಆದರೆ ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ ನೀರು ಸೇರಿದೆ ಎಂದರ್ಥ. ಆಗ ಓಡಿಸದೆ ಗ್ಯಾರೇಜಿಗೆ ತೋರಿಸಿ.

ಪ್ರಶ್ನೆ: ನಮಸ್ಕಾರ ಸರ್. ವಿಡಿಯೋ ನೋಡಿ ನನ್ನ ಸ್ಕೂಟರಿನ ಆಯಿಲ್ ನಾನೇ ಬದಲಾಯಿಸಿದೆ. ಕೆಳಗಿನ ಬೋಲ್ಟ್ ಬಿಚ್ಚಿದಾಗ ಒಂದು ಚಹಾ ಕಪ್ಪಿನಷ್ಟು ಮಾತ್ರ ಬಂತು. ಹೊಸ ಆಯಿಲ್ ಪೂರ್ತಿ ಹಾಕಿದೆ. ಈಗ ಸೈಲೆನ್ಸರಿನಿಂದ ಹೊಗೆ ಬರುತ್ತಿದೆ, ಹಿಂದಿನ ಚಕ್ರದ ಕಡೆ ಗುಂಯ್ ಎಂಬ ಸದ್ದು. ಏನು ತಪ್ಪಾಯಿತು?
— ಕಾಲೇಜು ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಅಮ್ಮಾ, ಇದನ್ನು ಓದುತ್ತಿದ್ದಂತೆ ಸ್ಕೂಟರ್ ಓಡಿಸುವುದನ್ನು ನಿಲ್ಲಿಸು. ತಪ್ಪು ಏನೆಂಬುದು ನಿನ್ನ ಪತ್ರದಲ್ಲೇ ಇದೆ: ಒಂದು ಚಹಾ ಕಪ್ಪು. ಸ್ಕೂಟರಿನಲ್ಲಿ ಎರಡು ಬೇರೆ ಬೇರೆ ಆಯಿಲ್ ಇರುತ್ತವೆ. ಎಂಜಿನ್ನಿನದು ಸಾಮಾನ್ಯವಾಗಿ ಮುಕ್ಕಾಲು ಲೀಟರಿನ ಆಸುಪಾಸು. ಹಿಂದಿನ ಚಕ್ರವನ್ನು ತಿರುಗಿಸುವ ಗೇರುಗಳ ಪೆಟ್ಟಿಗೆಯಲ್ಲಿ ಸುಮಾರು 100ರಿಂದ 120 ಮಿಲಿ ಲೀಟರ್. ನೀನು ಬಿಚ್ಚಿದ್ದು ಚಕ್ರದ ಹತ್ತಿರವಿರುವ ಗೇರ್ ಪೆಟ್ಟಿಗೆಯ ಬೋಲ್ಟ್. ಈಗ ಗೇರುಗಳು ಆಯಿಲ್ ಇಲ್ಲದೆ ಒಣಗಿ ಉಜ್ಜುತ್ತಿವೆ, ಆ ಸದ್ದು ಅದರದ್ದು. ಎಂಜಿನ್ನಿನಲ್ಲಿ ಹಳೆಯದರ ಮೇಲೆ ಹೊಸದೂ ಸೇರಿ ಎರಡು ಪಟ್ಟಾಗಿದೆ. ಹೆಚ್ಚಾದ ಆಯಿಲ್ ಉಸಿರುನಳಿಕೆಯ ಮೂಲಕ ಏರ್ ಫಿಲ್ಟರಿಗೆ ನುಗ್ಗಿ, ಅಲ್ಲಿಂದ ಎಂಜಿನ್ನಿಗೆ ಹೋಗಿ ಸುಡುತ್ತಿದೆ.

ಎಂಜಿನ್ ಆಯಿಲನ್ನು ಪೂರ್ತಿ ಇಳಿಸಿ ಮತ್ತೆ ಅಳತೆಯಷ್ಟೇ ತುಂಬಬೇಕು. ಗೇರ್ ಪೆಟ್ಟಿಗೆಗೆ ಕೈಪಿಡಿ ಹೇಳಿದ ಆಯಿಲ್ ಹಾಕಬೇಕು. ಏರ್ ಫಿಲ್ಟರ್ ಎಣ್ಣೆಯಲ್ಲಿ ನೆನೆದಿದ್ದರೆ ಹೊಸದು. ಬೇಗ ನಿಲ್ಲಿಸಿದ್ದರೆ ಗೇರುಗಳು ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ಗೇರ್ ಪೆಟ್ಟಿಗೆ ತುಂಬಿದ ಮೇಲೂ ಸದ್ದು ಹೋಗದಿದ್ದರೆ ಬೇರಿಂಗು ನೋಡಿಸು. ಧೈರ್ಯಗೆಡಬೇಡ, ಈ ತಪ್ಪನ್ನು ಅಂಗಡಿಗಳಲ್ಲಿ ಕೆಲಸ ಕಲಿಯುವ ಹುಡುಗರೂ ಮಾಡುತ್ತಾರೆ. ಮುಂದಿನ ಸಲ, ಹಾಕುವ ಮೊದಲು ಬಂದಿದ್ದನ್ನು ಅಳೆ. ಬಂದಿದ್ದಕ್ಕೂ ಹಾಕಬೇಕಾದುದಕ್ಕೂ ಬಹಳ ಅಂತರವಿದ್ದರೆ ಅಲ್ಲೇ ಕೈ ನಿಲ್ಲಿಸು.

ಪ್ರಶ್ನೆ: ಜೀಪಿನ ಆಯಿಲ್ ಬದಲಾಯಿಸಲು ಜಾಕ್ ಏರಿಸಿ, ಆಸರೆಗೆ ಕೆಂಪು ಕಲ್ಲು ಜೋಡಿಸಿ ಕೆಳಗೆ ಹೋಗಬಹುದೇ?
— ಓದುಗರೊಬ್ಬರು, ಬೀದರ್

ಉತ್ತರ: ಬೇಡ. ನಿಮ್ಮ ಕೆಂಪು ಕಲ್ಲು, ಅಂದರೆ ಜಂಬಿಟ್ಟಿಗೆ, ಗೋಡೆ ಕಟ್ಟಲು ಒಳ್ಳೆಯದು. ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಫರಸಿ ಕಲ್ಲು ಪದರ ಪದರವಾಗಿ ಸೀಳುತ್ತದೆ, ಅದೂ ಬೇಡ. ಜಾಕ್ ಟೈರು ಬದಲಾಯಿಸಲು ಮಾತ್ರ. ಉಕ್ಕಿನ ಆಕ್ಸಲ್ ಸ್ಟ್ಯಾಂಡುಗಳಿಲ್ಲದೆ ವಾಹನದ ಅಡಿಗೆ ತಲೆ ಹಾಕಬೇಡಿ. ಅವು ಇಲ್ಲದಿದ್ದರೆ ಗುಂಡಿ ಇರುವ ಗ್ಯಾರೇಜಿಗೆ ಹೋಗಿ.

ಪ್ರಶ್ನೆ: ನಾವು ಒಕ್ಕಲುತನದವರು. ಟ್ರ್ಯಾಕ್ಟರ್ ಮತ್ತು ಎರಡು ಬೈಕುಗಳ ಆಯಿಲನ್ನು ಮನೆಯಲ್ಲೇ ಬದಲಾಯಿಸುತ್ತೇವೆ. ಹಳೆಯ ಆಯಿಲನ್ನು ಬೇಲಿ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಸುರಿಯುತ್ತೇವೆ. ಎತ್ತಿನ ಹೆಗಲ ಹುಣ್ಣಿಗೆ ನೊಣ ಕೂರದಂತೆ ಹಚ್ಚುತ್ತೇವೆ. ಉಳಿದಿದ್ದು ಹೊಲದ ಬದುವಿಗೆ. ಊರಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಮಗ ಮಾತ್ರ ಇದು ತಪ್ಪು ಎನ್ನುತ್ತಾನೆ.
— ರೈತರೊಬ್ಬರು, ಸೇಡಂ ತಾಲ್ಲೂಕು

ಉತ್ತರ: ನಿಮ್ಮ ಮಗನ ಮಾತು ಸರಿ, ಯಜಮಾನರೆ. ಈ ವಾರ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮದೇ.

ಎತ್ತಿನ ವಿಷಯ ಮೊದಲು. ಎಂಜಿನ್ನಿನಲ್ಲಿ ಸುಟ್ಟ ಆಯಿಲ್ ಹೊಸದರಂತಲ್ಲ. ಇಂಧನ ಉರಿದ ಮಸಿ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು, ಬೇರಿಂಗಿನಿಂದ ಸವೆದ ಲೋಹದ ಪುಡಿ ಎಲ್ಲವೂ ಅದರಲ್ಲಿರುತ್ತವೆ. ದನ ತನ್ನ ಮೈಯನ್ನು ನೆಕ್ಕುತ್ತದೆ, ಪಕ್ಕದ ದನದ ಹುಣ್ಣನ್ನೂ ನೆಕ್ಕುತ್ತದೆ. ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಹುಣ್ಣಿಗೆ ಪಶು ಆಸ್ಪತ್ರೆಯ ಮುಲಾಮು ತನ್ನಿ. ನೊಣ ಕೂರದಿರಲು ಹುಣ್ಣಿನ ಸುತ್ತ ಬೇವಿನ ಎಣ್ಣೆ ಹಚ್ಚುವುದನ್ನು ನಿಮ್ಮ ಹಿರಿಯರೂ ಬಲ್ಲರು. ನೊಗ ಉಜ್ಜುವ ಜಾಗ ಮಾಯುವವರೆಗೆ ಎತ್ತಿಗೆ ಬಿಡುವು ಕೊಡಿ. ನಿಮ್ಮ ಕೈಯ ಬಗ್ಗೆಯೂ ಅಷ್ಟೇ ಎಚ್ಚರ ಬೇಕು: ಆಯಿಲ್ ಬದಲಾಯಿಸುವಾಗ ಕೈಗವಸು ಹಾಕಿ, ಅಂಟಿದರೆ ಪೆಟ್ರೋಲಿನಿಂದ ತೊಳೆಯದೆ ಸೋಪಿನಿಂದ ತೊಳೆಯಿರಿ.

ಬದುವಿಗೆ ಸುರಿದಿದ್ದು ಅಲ್ಲೇ ಇರುತ್ತದೆ ಎಂದು ನೀವು ನಂಬಿದ್ದೀರಿ. ಬೇಸಿಗೆಯಲ್ಲಿ ನಿಮ್ಮ ಎರೆಹೊಲದ ಬಿರುಕುಗಳನ್ನು ನೆನಪಿಸಿಕೊಳ್ಳಿ. ಕೈ ಇಳಿಸಿದರೆ ಮೊಣಕೈ ಮುಳುಗುತ್ತದೆ. ಆಗ ಸುರಿದ ಆಯಿಲ್ ಆ ಬಿರುಕಿಗಿಳಿದು, ಮೊದಲ ಮಳೆಯ ನೀರಿನ ಬೆನ್ನು ಹತ್ತಿ ಇನ್ನೂ ಕೆಳಕ್ಕೆ ಹೋಗುತ್ತದೆ. ಸೇಡಂ ಸೀಮೆಯ ಮಣ್ಣಿನಡಿ ಸುಣ್ಣಕಲ್ಲಿದೆ. ನೀವು ಕಲ್ಲಿನ ಗಣಿಗಳನ್ನು ನೋಡಿದವರು, ಆ ಕಲ್ಲಿನ ಪದರಗಳ ನಡುವಿನ ಸಂದುಗಳು ನಿಮಗೆ ಗೊತ್ತು. ಬಾವಿಗೆ, ಬೋರಿಗೆ ನೀರು ಬರುವುದು ಆ ಸಂದುಗಳಿಂದಲೇ. ಮರಳು ಸೋಸಿದಂತೆ ಅವು ಸೋಸುವುದಿಲ್ಲ. ಒಂದು ಲೀಟರ್ ಹಳೆಯ ಆಯಿಲ್ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಎಂಬ ಲೆಕ್ಕವನ್ನು ಪರಿಸರ ಇಲಾಖೆಗಳು ಮುಂದಿಡುತ್ತವೆ. ಟ್ರ್ಯಾಕ್ಟರಿನಿಂದ ಒಂದು ಸಲಕ್ಕೆ ಇಳಿಯುವುದೇ ಹಲವು ಲೀಟರ್.

ಗೆದ್ದಲಿಗೆ ಸುರಿದದ್ದೂ ಇದೇ ದಾರಿ ಹಿಡಿಯುತ್ತದೆ. ಕಲ್ಲಿನ ಕಂಬ ಸಿಗುವ ಸೀಮೆ ನಿಮ್ಮದು. ಕಟ್ಟಿಗೆ ಕಂಬ ಕೆಟ್ಟಂತೆಲ್ಲ ಒಂದೊಂದಾಗಿ ಕಲ್ಲಿನದಕ್ಕೆ ಬದಲಾಯಿಸಿ, ಗೆದ್ದಲಿನ ಕಾಟವೇ ತಪ್ಪುತ್ತದೆ. ಬಂಡಿಯ ಕೀಲಿಗೂ ಈ ಆಯಿಲ್ ಬೇಡ, ಗ್ರೀಸ್ ಹಚ್ಚಿ. ಅದು ಸೋರಿ ಹೊಲಕ್ಕೆ ಬೀಳುವುದಿಲ್ಲ, ಹೆಚ್ಚು ದಿನ ಬಾಳುತ್ತದೆ.

ಹಾಗಾದರೆ ಏನು ಮಾಡಬೇಕು? ಹೊಸ ಆಯಿಲ್ ಬಂದ ಡಬ್ಬಿಯನ್ನೇ ಇಟ್ಟುಕೊಳ್ಳಿ. ಆಲಿಕೆ ಇಟ್ಟು ಹಳೆಯದನ್ನು ಅದಕ್ಕೆ ತುಂಬಿ, ಮುಚ್ಚಳ ಬಿಗಿದು, ಡಬ್ಬಿಯ ಮೇಲೆ "ಹಳೆಯ ಆಯಿಲ್" ಎಂದು ದೊಡ್ಡದಾಗಿ ಬರೆಯಿರಿ. ಹಾಗೆ ಬರೆದ ಡಬ್ಬಿಯಲ್ಲಿ ನಕಲಿ ಆಯಿಲ್ ತುಂಬಿ ಮಾರುವುದೂ ಕಷ್ಟವಾಗುತ್ತದೆ. ನೀರು, ಡೀಸೆಲ್, ಬಣ್ಣ ಯಾವುದನ್ನೂ ಅದರಲ್ಲಿ ಬೆರೆಸಬೇಡಿ. ಬೆರೆತರೆ ಮರುಸಂಸ್ಕರಣೆ ಕಷ್ಟ. ನೆಲಕ್ಕೆ ಚೆಲ್ಲಿದರೆ ಕಟ್ಟಿಗೆ ಅಡ್ಡೆಯ ಹೊಟ್ಟು ಹಾಕಿ ಒರೆಸಿ. ಮನೆಯಲ್ಲಿ ತೊಗರಿ ಹೊಟ್ಟು ಬೇಕಾದಷ್ಟಿದ್ದರೂ ಅದನ್ನು ಇದಕ್ಕೆ ಬಳಸಬೇಡಿ, ಎಲ್ಲಿ ಎಸೆದರೂ ದನ ಹುಡುಕಿಕೊಂಡು ಹೋಗಿ ತಿನ್ನುತ್ತದೆ.

ಕೆಲವು ಡಬ್ಬಿ ಸೇರಿದ ಮೇಲೆ ಟ್ರ್ಯಾಕ್ಟರ್ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲನ್ನು ಪರವಾನಗಿ ಇರುವ ಮರುಸಂಸ್ಕರಣ ಘಟಕಕ್ಕೇ ಕೊಡಬೇಕು. ಅಲ್ಲಿ ಮಸಿ, ನೀರು ತೆಗೆದು ಮತ್ತೆ ಆಯಿಲ್ ಮಾಡುತ್ತಾರೆ. "ನಿಮ್ಮ ಹಳೆಯ ಆಯಿಲ್ ಯಾರಿಗೆ ಹೋಗುತ್ತದೆ?" ಎಂದು ಸರ್ವಿಸ್ ಕೇಂದ್ರದಲ್ಲಿ ನೇರವಾಗಿ ಕೇಳಿ. ಸೆಂಟ್ರಿಂಗ್ ಹಲಗೆಗೆ ಬಳಿಯುವವರಿಗೋ ಒಲೆ ಉರಿಸುವವರಿಗೋ ಮಾರುತ್ತೇವೆ ಎಂದರೆ ಡಬ್ಬಿ ವಾಪಸು ತೆಗೆದುಕೊಂಡು ಬೇರೆ ಕೇಂದ್ರಕ್ಕೆ ಹೋಗಿ. ಯಾರೂ ತೆಗೆದುಕೊಳ್ಳದಿದ್ದರೆ ಕಲಬುರಗಿಯಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಡಬ್ಬಿಗಳನ್ನು ಮಕ್ಕಳ ಕೈಗೆ ಸಿಗದಂತೆ, ಬಾವಿಯಿಂದ ದೂರ, ನೆರಳಿನಲ್ಲಿ ಇಡಿ.

ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ.