ಪುಸ್ತಕ ತಿದ್ದಿದ ಮೇಲೂ ಟಿಪ್ಪಣಿ ಉಳಿಯಬೇಕಾದರೆ

ಪ್ರಶ್ನೆ: ಅಂತರಜಾಲ ಗ್ರಂಥಾಲಯವೊಂದರಲ್ಲಿ ಹಳೆಯ ಪುಸ್ತಕವನ್ನು ಓದುತ್ತಾ ಎರಡು ವರ್ಷಗಳಿಂದ ಟಿಪ್ಪಣಿ ಬರೆದಿಟ್ಟಿದ್ದೆ. ಗ್ರಂಥಾಲಯದವರು ಪಠ್ಯವನ್ನು ತಿದ್ದಿ ಹೊಸದಾಗಿ ಏರಿಸಿದ ಮೇಲೆ ಕೆಲವು ಟಿಪ್ಪಣಿಗಳು ಯಾವುದೋ ಸಾಲಿನ ಪಕ್ಕದಲ್ಲಿ ಕಾಣುತ್ತಿವೆ, ಕೆಲವು ಕಾಣುತ್ತಲೇ ಇಲ್ಲ. ಹೀಗೇಕಾಯಿತು? ಟಿಪ್ಪಣಿಗಳನ್ನು ಎಲ್ಲರಿಗೂ ಕಾಣುವಂತೆ ಇಡುವುದು ಸರಿಯೇ?

ಉತ್ತರ: ನಿಮ್ಮ ಟಿಪ್ಪಣಿಗಳು ಅಳಿಸಿಹೋಗಿರಲಾರವು, ಅವು ತಮ್ಮ ಜಾಗವನ್ನು ಕಳೆದುಕೊಂಡಿರುವ ಸಂಭವವೇ ಹೆಚ್ಚು. ಅಚ್ಚಿನ ಪುಸ್ತಕದಲ್ಲಿ ಅಂಚಿನ ಬರಹವೂ ಮೂಲವೂ ಒಂದೇ ಹಾಳೆಯಲ್ಲಿರುತ್ತವೆ, ಆದರೆ ಡಿಜಿಟಲ್ ಗ್ರಂಥಾಲಯಗಳಲ್ಲಿ ಟಿಪ್ಪಣಿಯನ್ನು ಸಾಮಾನ್ಯವಾಗಿ ಪುಸ್ತಕದ ಕಡತದೊಳಗೆ ಸೇರಿಸದೆ ಬೇರೆಡೆ ಉಳಿಸಿ, ಅದು ಯಾವ ಸಾಲಿಗೆ ಸೇರಿದ್ದೆಂಬ ಗುರುತನ್ನು ಮಾತ್ರ ಜೊತೆಗಿಡುತ್ತಾರೆ. ಜಾಲತಾಣಗಳ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆ 2017ರ ಫೆಬ್ರುವರಿಯಲ್ಲಿ ಅಂಗೀಕರಿಸಿದ ಟಿಪ್ಪಣಿ ಮಾನದಂಡವೂ ಬರಹ ಮತ್ತು ಅದರ ಗುರಿಯನ್ನು ಹೀಗೆಯೇ ಬೇರ್ಪಡಿಸುತ್ತದೆ.

ತೊಡಕಿರುವುದು ಆ ಗುರುತಿನಲ್ಲಿ. ‘ಆ ವರ್ಷ ಮಳೆ ತಡವಾಗಿ ಬಂತು’ ಎಂಬ ವಾಕ್ಯದ ‘ಮಳೆ’ ಎಂಬ ಪದಕ್ಕೆ ನೀವು ಟಿಪ್ಪಣಿ ಬರೆದಿದ್ದೀರಿ ಎಂದುಕೊಳ್ಳಿ. ತಂತ್ರಾಂಶವು ಅಧ್ಯಾಯದ ಮೊದಲಿನಿಂದ ಅಕ್ಷರಗಳನ್ನು ಎಣಿಸಿ ಜಾಗವನ್ನು ಗುರುತಿಸಿದ್ದರೆ, ಬಿಟ್ಟುಹೋಗಿದ್ದ ಒಂದೇ ಒಂದು ಸಾಲನ್ನು ಹಿಂದೆಲ್ಲೋ ಸೇರಿಸಿದರೂ ಲೆಕ್ಕ ತಪ್ಪಿ ನಿಮ್ಮ ಟಿಪ್ಪಣಿ ಬೇರೊಂದು ಪದದ ಮೇಲೆ ಕೂರುತ್ತದೆ. ಅದರ ಬದಲು ‘ಮಳೆ’ ಎಂಬ ಪದವನ್ನೂ ಅದರ ಹಿಂದುಮುಂದಿನ ಮಾತುಗಳನ್ನೂ ಉಳಿಸಿಕೊಂಡಿದ್ದರೆ, ವಾಕ್ಯ ಎಲ್ಲಿಗೆ ಸರಿದಿದ್ದರೂ ಹುಡುಕಿ ಹಿಡಿಯಬಹುದು. ಆದರೆ ಸ್ಕ್ಯಾನ್ ಮಾಡಿದ ಪುಟವನ್ನು ಗಣಕವು ಮೊದಲು ‘ಮನೆ’ ಎಂದು ತಪ್ಪಾಗಿ ಓದಿದ್ದು, ಈಗ ಅದನ್ನು ತಿದ್ದಿದ್ದರೆ, ಟಿಪ್ಪಣಿಯ ಜೊತೆ ಉಳಿದಿರುವ ‘ಮನೆ’ ಎಂಬ ಪದವೇ ಈಗ ಅಲ್ಲಿ ಇರುವುದಿಲ್ಲ. ಕೆಲವು ತಂತ್ರಾಂಶಗಳು ಒಂದೆರಡು ಅಕ್ಷರಗಳ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತವೆ. ‘ಹೈಪಾಥಿಸಿಸ್’ ಎಂಬ ಮುಕ್ತ ತಂತ್ರಾಂಶವು ನೆಲೆ ತಪ್ಪಿದವುಗಳನ್ನು ‘ಅನಾಥ’ ಟಿಪ್ಪಣಿಗಳೆಂದು ಪ್ರತ್ಯೇಕವಾಗಿ ತೋರಿಸುತ್ತದೆ. ನೀವು ಬಳಸುವ ವ್ಯವಸ್ಥೆಯಲ್ಲೂ ಅಂಥ ಪಟ್ಟಿ ಇದೆಯೇ ಎಂದು ಮೊದಲು ನೋಡಿ.

ಇನ್ನು ಮುಂದೆ ಪ್ರತಿ ಟಿಪ್ಪಣಿಯಲ್ಲೂ ಗುರುತಿಸಿದ ವಾಕ್ಯವನ್ನು ಪೂರ್ತಿಯಾಗಿ ಬರೆದು, ಅಧ್ಯಾಯವನ್ನೂ ಮುದ್ರಣದ ವರ್ಷವನ್ನೂ ಸೇರಿಸಿ, ಆಗಾಗ ಎಲ್ಲವನ್ನೂ ನಿಮ್ಮ ಗಣಕಕ್ಕೆ ಇಳಿಸಿಕೊಳ್ಳಿ. ಗಣಿತಜ್ಞ ಫರ್ಮಾ ತನ್ನ ಪ್ರಸಿದ್ಧ ಪ್ರಮೇಯವನ್ನು ಬರೆದಿಟ್ಟದ್ದು ಪ್ರಾಚೀನ ಗಣಿತಜ್ಞ ಡಯೋಫಾಂಟಸ್‌ನ ಗ್ರಂಥದ ಅಂಚಿನಲ್ಲಿ. ಆ ಪ್ರತಿ ಇಂದು ಉಳಿದಿಲ್ಲ. ಮಗ 1670ರಲ್ಲಿ ತಂದೆಯ ಟಿಪ್ಪಣಿಗಳನ್ನು ಸೇರಿಸಿ ಗ್ರಂಥವನ್ನು ಅಚ್ಚು ಹಾಕಿಸಿದ್ದರಿಂದ ಅದು ನಮಗೆ ದಕ್ಕಿತು. ಎರಡು ವರ್ಷದ ನಿಮ್ಮ ಓದಿನ ಫಲಕ್ಕೂ ಅಂಥ ಇನ್ನೊಂದು ಪ್ರತಿ ಇರಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಎಲ್ಲರಿಗೂ ಕಾಣುವಂತೆ ಇಡಬೇಕಾದದ್ದು ಮುಂದಿನ ಓದುಗರಿಗೆ ನೆರವಾಗುವ ಮಾತುಗಳನ್ನು: ಬಳಕೆ ತಪ್ಪಿದ ಪದದ ಅರ್ಥ, ಇನ್ನೊಂದು ಮುದ್ರಣದ ಪಾಠಾಂತರ, ಲೇಖಕರು ಹೆಸರಿಸದೆ ಸೂಚಿಸಿದ ಪ್ರಸಂಗ. ಮೆಚ್ಚುಗೆ, ಬೇಸರ, ಅರೆಬರೆ ಊಹೆಗಳು ಖಾಸಗಿಯಾಗಿಯೇ ಇರಲಿ, ಏಕೆಂದರೆ ಮೊದಲ ಬಾರಿಗೆ ಓದುವವರಿಗೂ ಪುಸ್ತಕಕ್ಕೂ ನಡುವೆ ನಾವು ನಿಲ್ಲಬಾರದು. ಅಕ್ಷರದೋಷ ಕಂಡರೆ ಟಿಪ್ಪಣಿ ಬರೆಯುವ ಬದಲು ಗ್ರಂಥಾಲಯಕ್ಕೆ ತಿಳಿಸಿ.

ಪ್ರಶ್ನೆ: ಪುಟಗಳು ಬರೀ ಚಿತ್ರಗಳಾಗಿದ್ದರೆ ಟಿಪ್ಪಣಿ ಬರೆಯಬಹುದೇ?

ಉತ್ತರ: ಬರೆಯಬಹುದು. ಚಿತ್ರಗಳನ್ನು ಅಂತರಜಾಲದಲ್ಲಿ ಹಂಚಿಕೊಳ್ಳಲು ಇರುವ ಟ್ರಿಪಲ್ ಐ ಎಫ್ (IIIF) ಎಂಬ ಮಾನದಂಡವನ್ನು ಅನುಸರಿಸುವ ಗ್ರಂಥಾಲಯಗಳ ಚಿತ್ರಗಳಿಗೆ, ಪುಟದ ಮೇಲೆ ಚೌಕ ಎಳೆದು ಟಿಪ್ಪಣಿ ಸೇರಿಸಲು ಬರುವ ತಂತ್ರಾಂಶಗಳಿವೆ. ಆದರೆ ಆ ಚೌಕದೊಳಗೆ ಏನಿದೆಯೆಂಬುದು ಗಣಕಕ್ಕೆ ತಿಳಿಯದ ಕಾರಣ, ಅಲ್ಲಿರುವ ಮಾತುಗಳನ್ನು ಟಿಪ್ಪಣಿಯಲ್ಲಿ ನೀವೇ ಬೆರಳಚ್ಚಿಸಿದರೆ ಮಾತ್ರ ಮುಂದೆ ಅವುಗಳನ್ನು ಹುಡುಕಲು ಸಾಧ್ಯ.