ಮಾರ್ಜಿನ್ ಏರಿದ್ದು ಹೌದು, ಏರಿಸಿದ್ದು ಯಾರು?

ಓದುಗರೊಬ್ಬರ ಪತ್ರದ ಸಾರ: ‘ನಾನು ಷೇರು ಇಟ್ಟುಕೊಂಡಿರುವ ಕಂಪನಿಯ ತೆರಿಗೆ ಪೂರ್ವ ಲಾಭದ ಮಾರ್ಜಿನ್ (ಮಾರಾಟದಲ್ಲಿ ತೆರಿಗೆಗೂ ಮುಂಚಿನ ಲಾಭದ ಪಾಲು) ಐದು ವರ್ಷಗಳಲ್ಲಿ ಶೇ 8ರಿಂದ ಶೇ 13ಕ್ಕೆ ಏರಿದೆ. ಒಂದು ವರ್ಷವೂ ಇಳಿದಿಲ್ಲ. ಷೇರಿನ ಬೆಲೆ ಮಾತ್ರ ಇದ್ದಲ್ಲೇ ಇದೆ. ಮಾರುಕಟ್ಟೆಗೆ ಇದು ಕಾಣುತ್ತಿಲ್ಲವೇ?’

ಸಂಪಾದಕರ ಉತ್ತರ:

ತೆರಿಗೆ ಕಳೆದು ಉಳಿಯುವ ನಿವ್ವಳ ಲಾಭದ ಬದಲು ತೆರಿಗೆ ಪೂರ್ವ ಲಾಭವನ್ನು ಹಿಡಿದದ್ದು ಒಳ್ಳೆಯದಾಯಿತು. ಅಮೆರಿಕ 2018ರಿಂದ ಕಾರ್ಪೊರೇಟ್ ತೆರಿಗೆಯನ್ನು ಶೇ 35ರಿಂದ 21ಕ್ಕೆ ಇಳಿಸಿದಾಗ ಅಲ್ಲಿನ ಎಷ್ಟೋ ಕಂಪನಿಗಳ ನಿವ್ವಳ ಮಾರ್ಜಿನ್ ಹಿಗ್ಗಿತು. ವ್ಯಾಪಾರದಲ್ಲಿ ಏನೂ ಬದಲಾಗದಿದ್ದರೂ ಹಾಗೆ ಆಗುತ್ತದೆ. ತೆರಿಗೆಗೂ ಮುಂಚಿನ ಸಾಲಿನಲ್ಲಿ ನಿಂತು ನೋಡಿದರೆ ಆ ಗದ್ದಲ ಕೇಳಿಸುವುದಿಲ್ಲ.

ಇನ್ನು ನಿಮ್ಮ ಕಂಪನಿ. ಹೆಸರು ಇಲ್ಲಿ ಬೇಡ, ನೀವು ಕಳಿಸಿದ ಅಂಕಿಗಳು ಸಾಕು. ಮೊದಲ ವರ್ಷ ಮಾರಾಟ 500 ಕೋಟಿ, ತೆರಿಗೆ ಪೂರ್ವ ಲಾಭ 40 ಕೋಟಿ. ಐದನೇ ವರ್ಷ ಮಾರಾಟ 505 ಕೋಟಿ, ಲಾಭ 66 ಕೋಟಿ. ಮಾರಾಟ ಹೆಚ್ಚುಕಡಿಮೆ ಬೆಳೆದೇ ಇಲ್ಲ ಎಂಬುದನ್ನು ಗಮನಿಸಿದಿರಾ? ಹಾಗಾದರೆ ಹೆಚ್ಚುವರಿ 26 ಕೋಟಿ ಬಂದದ್ದೆಲ್ಲಿಂದ?

ಲಾಭ–ನಷ್ಟ ತಃಖ್ತೆಯಲ್ಲಿ ಎರಡು ಸಾಲುಗಳನ್ನು ನೋಡಿ. ‘ಇತರೆ ಆದಾಯ’, ಅಂದರೆ ಮುಖ್ಯ ಕಸುಬಿನ ಹೊರಗಿನ ಗಳಿಕೆ, 4 ಕೋಟಿಯಿಂದ 22 ಕೋಟಿಗೆ ಏರಿದೆ. ‘ಹಣಕಾಸು ವೆಚ್ಚ’, ಅಂದರೆ ಮುಖ್ಯವಾಗಿ ಸಾಲದ ಬಡ್ಡಿ, 18ರಿಂದ 6 ಕೋಟಿಗೆ ಇಳಿದಿದೆ. ಲಾಭದಿಂದ ಇತರೆ ಆದಾಯ ಕಳೆದು, ಬಡ್ಡಿಯನ್ನು ಮತ್ತೆ ಕೂಡಿಸಿದರೆ ಕಸುಬಿನಿಂದಲೇ ಬಂದ ಗಳಿಕೆ ಸಿಗುತ್ತದೆ. ಮೊದಲ ವರ್ಷ ಅದು 54 ಕೋಟಿ, ಐದನೇ ವರ್ಷ 50 ಕೋಟಿ. ಮಾರಾಟಕ್ಕೆ ಹೋಲಿಸಿದರೆ ಶೇ 10.8 ಇದ್ದದ್ದು ಶೇ 9.9 ಆಗಿದೆ. ನಿಮ್ಮ ಗೆರೆ ಮೇಲಕ್ಕೆ ಹೋಗುತ್ತಿದ್ದಾಗ ಕಸುಬು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಮಾರುಕಟ್ಟೆಗೆ ಕಣ್ಣು ಚೆನ್ನಾಗಿಯೇ ಇದೆ ಅನ್ನಿಸುತ್ತದೆ.

ಸಾಲ ತೀರಿಸಿದ್ದನ್ನು ಹೀಗಳೆಯಬೇಕಿಲ್ಲ. ಅದು ನಿಜವಾದ ಸುಧಾರಣೆ. ಆದರೆ ಬಡ್ಡಿ ಸೊನ್ನೆಗಿಂತ ಕೆಳಗೆ ಹೋಗದು. ಉಳಿದಿರುವುದು 6 ಕೋಟಿ, ಆ ದಾರಿಯಲ್ಲಿ ಇನ್ನು ಸಿಗುವುದೂ ಅಷ್ಟೇ. ಜೊತೆಗೆ ಸವಕಳಿಯ, ಅಂದರೆ ಯಂತ್ರ–ಕಟ್ಟಡ ಸವೆಯುವುದಕ್ಕೆ ವರ್ಷವೂ ಬರೆಯುವ ವೆಚ್ಚದ, ಸಾಲನ್ನೂ ನೋಡಿ. ವರ್ಷದಿಂದ ವರ್ಷಕ್ಕೆ ಅದು ಕರಗುತ್ತಿದ್ದರೆ ಕಂಪನಿ ಹಳೆಯ ಯಂತ್ರಗಳಲ್ಲೇ ದಿನ ದೂಡುತ್ತಿರಬಹುದು. ಆಗಲೂ ಮಾರ್ಜಿನ್ ಚೆಂದ ಕಾಣುತ್ತದೆ.

ತಿರುವುಮುರುವೂ ಉಂಟು. 100 ರೂಪಾಯಿಗೆ ಮಾರಿ 10 ರೂಪಾಯಿ ಉಳಿಸುವವನಿಗೆ ಕಚ್ಚಾ ಮಾಲು 25 ರೂಪಾಯಿ ದುಬಾರಿಯಾಯಿತು ಎನ್ನಿ. ಅಷ್ಟನ್ನೂ ಗಿರಾಕಿಯ ಮೇಲೆ ಹಾಕಿ 125ಕ್ಕೆ ಮಾರಿದ. ಉಳಿಕೆ ಅದೇ 10, ಮಾರ್ಜಿನ್ ಮಾತ್ರ ಶೇ 10ರಿಂದ 8ಕ್ಕೆ ಬಿತ್ತು. ಅವನು ಕಳೆದುಕೊಂಡದ್ದೇನೂ ಇಲ್ಲ. ಹಾಗಾಗಿ ಅನುಪಾತಕ್ಕಿಂತ ಮುಂಚೆ ಲಾಭ, ಮಾರಾಟ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ.

ಹೋಲಿಕೆಗೆ ಐದು ವರ್ಷ ಸಾಲದು ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಕಾಲ, ಕೆಟ್ಟ ಕಾಲ ಎರಡೂ ಬರುವಷ್ಟು ಹಿಂದಕ್ಕೆ ಹೋಗಿ. 2019 ದಾಟಿ ಹಿಂದೆ ಹೋದರೆ ಒಂದು ಎಚ್ಚರಿಕೆ: ಆ ಜನವರಿಯಿಂದ ಐಎಫ್‌ಆರ್‌ಎಸ್ 16 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮದಡಿ ದೀರ್ಘಾವಧಿ ಗುತ್ತಿಗೆಯ ಬಾಡಿಗೆ, ಸವಕಳಿ ಮತ್ತು ಬಡ್ಡಿಯಾಗಿ ಒಡೆದು ಕೂತಿತು. ಬಡ್ಡಿ–ಸವಕಳಿಗೂ ಮುಂಚಿನ ಲಾಭ ಇದರಿಂದ ದಿಢೀರ್ ಜಿಗಿದಂತೆ ಕಾಣುತ್ತದೆ. ತೆರಿಗೆ ಪೂರ್ವ ಲಾಭಕ್ಕೆ ಅಷ್ಟು ಏಟಿಲ್ಲ.

ಷೇರು ಇಟ್ಟುಕೊಳ್ಳಬೇಕೇ, ಮಾರಬೇಕೇ ಎಂಬುದು ನಿಮಗೆ ಬಿಟ್ಟದ್ದು. ಆದರೆ ಐದನೇ ವರ್ಷದ ಇತರೆ ಆದಾಯದ ಟಿಪ್ಪಣಿಯನ್ನು ಒಮ್ಮೆ ತೆರೆದು ಓದಿ. ನೀವೇ ಕಳಿಸಿದ ಪುಟದಲ್ಲಿ, ಆ 22 ಕೋಟಿಯಲ್ಲಿ 14 ಕೋಟಿ ಜಮೀನು ಮಾರಿದ ಲಾಭ ಎಂದಿದೆ. ಅದನ್ನು ತೆಗೆದರೆ ಮಾರ್ಜಿನ್ ಶೇ 10.3. ಅದೇ ಜಮೀನನ್ನು ಮುಂದಿನ ವರ್ಷವೂ ಮಾರಲಾಗದು.