ಪಯಸ್ವಿನಿಯ ದಡದವರು ಯಾವ ಕಡೆಯವರು?

ಕೇರಳದ ಕಾಸರಗೋಡಿನಲ್ಲಿ ಹರಿಯುವ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕನ್ನಡ, ದಕ್ಷಿಣಕ್ಕೆ ಮಲಯಾಳ ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು, ಅದು ಸುಳ್ಳಲ್ಲ. ತುಳುನಾಡಿನ ತೆಂಕಣ ಗಡಿ ಈ ಹೊಳೆ ಎಂಬುದು ಹಳೆಯ ಮಾತು. ಚಂದ್ರಗಿರಿ, ಪಯಸ್ವಿನಿಗಳ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕೆಂದು 1967ರಲ್ಲಿ ಗಡಿ ವಿವಾದಕ್ಕಾಗಿ ನೇಮಿಸಿದ್ದ ಮಹಾಜನ ಆಯೋಗವೂ ಹೇಳಿತ್ತು. ಅದು ಜಾರಿಗೆ ಬರಲಿಲ್ಲ ಎಂಬ ನೋವು ನಮಗೆ ಇಂದಿಗೂ ಇದೆ. ಆದರೆ ಇಲ್ಲಿಯ ಬದುಕನ್ನು ಅರಿಯಲು ಆ ಗೆರೆ ಸಾಲದು. ಚಂದ್ರಗಿರಿಗೆ ನೀರು ತರುವ ಪಯಸ್ವಿನಿಯನ್ನೇ ನೋಡಬೇಕು.

ಕೊಡಗಿನ ಘಟ್ಟದಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ ದಾಟಿ ಅದು ಕಾಸರಗೋಡಿನ ಗಡಿಯೊಳಗೆ ಬರುತ್ತದೆ. ಸುಳ್ಯದ ಕಡೆ ಗೌಡರ ಮನೆಗಳಲ್ಲಿ ಕನ್ನಡದ್ದೇ ಒಂದು ಬಗೆಯಾದ ಅರೆಭಾಷೆ. ಕೆಳಗಿಳಿದಂತೆ ತುಳು, ಹವ್ಯಕ ಕನ್ನಡ, ಕರಾಡರ ಮರಾಠಿ, ಬ್ಯಾರಿ, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ಆದೂರು, ಮುಳ್ಳೇರಿಯದ ಪೇಟೆಯಲ್ಲಿ ಒಬ್ಬನೇ ಅಂಗಡಿಯವನು ಮೂರು ಭಾಷೆಗಳಲ್ಲಿ ವ್ಯಾಪಾರ ಮಾಡುವುದು ಇಲ್ಲಿ ಯಾರಿಗೂ ವಿಶೇಷವಲ್ಲ.

ಈ ಜನರನ್ನೆಲ್ಲ ಕಟ್ಟಿಹಾಕಿರುವುದು ಅಡಿಕೆ ತೋಟ, ತೋಟಕ್ಕೆ ಬೇಕಾದ ನೀರು. ಮಳೆಗಾಲದಲ್ಲಿ ಹೊಳೆ ಉಕ್ಕಿ ಹರಿಯುತ್ತದೆ. ಬೇಸಗೆಯಲ್ಲಿ ಬಂಡೆಗಳ ನಡುವೆ ಸೊರಗುತ್ತದೆ. ಅದಕ್ಕಾಗಿ ಮಳೆ ನಿಂತ ಮೇಲೆ ತೋಟದವರು ಒಟ್ಟಾಗಿ ತೋಡುಗಳಿಗೆ, ಅಂದರೆ ಸಣ್ಣ ಹಳ್ಳಗಳಿಗೆ, ಅಡ್ಡಲಾಗಿ ಕಲ್ಲು, ಮಣ್ಣಿನ ಕಟ್ಟ ಕಟ್ಟುತ್ತಾರೆ. ಮುಂದಿನ ಮಳೆಗಾಲಕ್ಕೆ ಅದನ್ನು ಬಿಡಿಸಬೇಕು, ಇಲ್ಲವೇ ಪ್ರವಾಹವೇ ಕೊಚ್ಚಿಕೊಂಡು ಹೋಗುತ್ತದೆ. ಕಟ್ಟದಲ್ಲಿ ನಿಂತ ನೀರು ಮೇಲಿನ ತೋಟಕ್ಕಷ್ಟೇ ಅಲ್ಲ, ಸುತ್ತಲಿನ ಬಾವಿಗಳಿಗೂ ಇಳಿಯುತ್ತದೆ. ಗುಡ್ಡದ ಮೇಲಿನವರಿಗೆ ಮುರಕಲ್ಲಿನಲ್ಲಿ (ಕೆಂಪು ಜಂಬಿಟ್ಟಿಗೆಯಲ್ಲಿ) ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗವೇ ಆಧಾರ. ಕೊಳವೆಬಾವಿ ಬಂದ ಮೇಲೆ ಕಟ್ಟ, ಸುರಂಗ ಎರಡೂ ಕಡಿಮೆಯಾದವು. ನಮ್ಮ ಭಾಗಕ್ಕಾದ ದೊಡ್ಡ ನಷ್ಟ ಇದು ಎಂದೇ ನನ್ನ ಅಭಿಪ್ರಾಯ.

ಹೊಳೆಯ ಕೆಳಭಾಗದಲ್ಲಿ, ಕಾಸರಗೋಡಿನ ಬಾವಿಕ್ಕರೆಯ ಕಥೆ ಬೇರೆ. ಕಾಸರಗೋಡು ಪೇಟೆಗೆ ಕುಡಿಯುವ ನೀರು ಹೋಗುವುದು ಅಲ್ಲಿಂದ. ಬೇಸಗೆಯಲ್ಲಿ ಹರಿವು ಕುಗ್ಗಿದಾಗ ಕಡಲಿನ ಉಬ್ಬರ ಅಲ್ಲಿಯವರೆಗೂ ಏರಿ, ನಲ್ಲಿಯಲ್ಲಿ ಉಪ್ಪುನೀರು ಬರುತ್ತಿತ್ತು. ಅದನ್ನು ತಡೆಯಲು ವರ್ಷ ವರ್ಷವೂ ಮರಳಿನ ಚೀಲ ಪೇರಿಸುತ್ತಿದ್ದರು. ಶಾಶ್ವತ ಕಟ್ಟೆಗಾಗಿ ಜನ ಬಹಳ ಕಾಲ ಕಾಯಬೇಕಾಯಿತು.

2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದ ಗುಡ್ಡ ಕುಸಿದಾಗ ಆ ಕೆಸರು ಇಳಿದದ್ದು ಇದೇ ಹೊಳೆಗೆ. ಘಟ್ಟದ ಕಾಡು ಒಂದು ರಾಜ್ಯದಲ್ಲಿದೆ, ಬಾವಿಕ್ಕರೆ ಇನ್ನೊಂದರಲ್ಲಿದೆ. ಈ ಹೊಳೆಯ ಬಗ್ಗೆ ಎರಡು ಸರಕಾರಗಳೂ ಕೂಡಿ ಕುಳಿತು ಮಾತನಾಡಬೇಕು ಎಂಬುದೇ ಗಡಿಯಲ್ಲಿರುವ ನಮ್ಮ ಬೇಡಿಕೆ.